ಎಂಟು ಗಂಟೆ ವಿಮಾನದ ಪ್ರಯಾಣಿಕರು

ಒಂದೇ ಮನೆಗೆ ಎರಡು ವಿಮಾನ ಕಂಪನಿಗಳ ಸಂಬಳ ಬರಬಾರದು. ಬಂದರೂ ಆ ಇಬ್ಬರು ಒಂದೇ ಮೇಜಿನಲ್ಲಿ ಊಟಕ್ಕೆ ಕೂರಬಾರದು. ಈ ಮನೆಯಲ್ಲಿ ನಾಲ್ಕು ವರ್ಷದಿಂದ ಎರಡೂ ನಡೆಯುತ್ತಿತ್ತು, ಮತ್ತು ಸುಳ್ಳು ಯಾಕೆ ಹೇಳಬೇಕು, ಆ ಸೋಮವಾರದ ತನಕ ಚೆನ್ನಾಗಿಯೇ ನಡೆದಿತ್ತು.

ಅಪ್ಪ ಸರ್ಕಾರಿ ವಿಮಾನ ಕಂಪನಿಯಲ್ಲಿ ಮೆಕ್ಯಾನಿಕ್. ಮೂವತ್ತೊಂದು ವರ್ಷ ಇಂಜಿನ್ನಿನೊಳಗೆ ಕೈ ಹಾಕಿ ಹಾಕಿ, ಅವನ ಉಗುರಿನ ಸುತ್ತಲಿನ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಮೂರು ವರ್ಷ. ಮಗಳು ಒಂದು ಖಾಸಗಿ ಕಂಪನಿಯ ಟಿಕೆಟ್ ಕೌಂಟರಿನಲ್ಲಿದ್ದಳು. ಆ ಕಂಪನಿಗೆ ಇದ್ದದ್ದೇ ಎರಡು ವಿಮಾನ. ಎರಡೂ ಕಂಪನಿಗಳು ಬೆಳಿಗ್ಗೆ ಬಂದರಿನ ಊರಿಗೆ ಹಾರುತ್ತಿದ್ದವು, ಅಪ್ಪನದು ಎಂಟಕ್ಕೆ, ಮಗಳದು ಎಂಟೂ ನಲವತ್ತಕ್ಕೆ. ಮನೆಯಲ್ಲಿ ಅವುಗಳ ಹೆಸರು ದೊಡ್ಡದು, ಚಿಕ್ಕದು. ಮನೆ ಕೂಡ ದೊಡ್ಡದರದ್ದೇ, ನೌಕರರ ಕ್ವಾರ್ಟರ್ಸು. ಮುಂದಿನ ಕೋಣೆಯಲ್ಲಿ ಅಮ್ಮ ಹೊಲಿಗೆ ಅಂಗಡಿ ಇಟ್ಟಿದ್ದಳು. ಕ್ವಾರ್ಟರ್ಸಿನಲ್ಲಿ ವ್ಯಾಪಾರ ಮಾಡಬಾರದೆಂದು ನಿಯಮವಿತ್ತು. ಆದರೆ ಆ ನಿಯಮಕ್ಕೆ ಸಹಿ ಹಾಕಿದ ಅಧಿಕಾರಿಯ ಪ್ಯಾಂಟಿನ ಜಿಪ್ಪನ್ನು ಸರಿಮಾಡಿಕೊಟ್ಟವಳೂ ಅವಳೇ. ಇನ್ನು ಅಜ್ಜಿ, ಅಂದರೆ ಅಪ್ಪನ ತಾಯಿ. ಕಿಟಕಿ ಪಕ್ಕ ಕೂತು ಎಲ್ಲರ ಮಾತಿಗೂ ತನ್ನದೊಂದನ್ನು ಸೇರಿಸುವುದು ಅವಳ ಕೆಲಸ.

ಆ ಸೋಮವಾರ ಸಂಜೆ ಟೀವಿಯಲ್ಲಿ ಸುದ್ದಿ ಬಂತು. ನಷ್ಟದಲ್ಲಿರುವ ದೊಡ್ಡದಕ್ಕೆ ಸರ್ಕಾರ ಮೂರನೇ ಸಲ ಸಹಾಯಧನ ಕೊಡಲಿದೆ. ಅಪ್ಪ ಪಲ್ಯದ ಪಾತ್ರೆ ಕೈಯಲ್ಲಿ ಹಿಡಿದೇ ನಿಂತು ಕೇಳಿದ.

"ಉಳೀತು," ಅಂದ. "ನಮ್ಮ ರಿಪೇರಿ ಶೆಡ್ಡು ಉಳೀತು."

"ಪಾತ್ರೆ ಕೆಳಗಿಡ್ರಿ, ಕೈ ಸುಟ್ಕೋತೀರ," ಅಂದಳು ಅಮ್ಮ.

ಮಗಳು ತಟ್ಟೆಯಿಂದ ತಲೆ ಎತ್ತಲಿಲ್ಲ. "ಟಿಕೆಟ್ ಬೆಲೆ ಎಷ್ಟು ಮಾಡಿದಾರೆ ನೋಡಿದ್ರಾ ಅಪ್ಪಾ? ಬಂದರಿನ ಊರಿಗೆ ಬಸ್ಸಿಗಿಂತ ಕಡಿಮೆ. ಇವತ್ತು ಮಧ್ಯಾಹ್ನದಿಂದ."

"ಜನಕ್ಕೆ ಒಳ್ಳೇದಲ್ವಾ?"

"ಆ ಬೆಲೆಗೆ ಇಂಧನದ ಖರ್ಚೂ ಹುಟ್ಟಲ್ಲ. ನಿಮಗೆ ಹುಟ್ಟದಿದ್ರೂ ನಡಿಯತ್ತೆ, ಸರ್ಕಾರ ತುಂಬಿ ಕೊಡತ್ತೆ. ನಮಗೆ ಯಾರು ಕೊಡ್ತಾರೆ?"

"ಬೆಟ್ಟದ ಮೇಲಿನ ಆ ಊರಿಗೆ ವಾರಕ್ಕೆರಡು ಸಲ ಹೋಗೋರು ಯಾರು? ನಾವು. ಲಾಭ ಇಲ್ಲ ಅಂತ ನಿಮ್ಮೋರು ಆ ಕಡೆ ತಲೆ ಹಾಕಿ ಮಲಗಿದ್ದೂ ಇಲ್ಲ. ಕಾಯಿಲೆಯೋರನ್ನ ಕರ್ಕೊಂಡು ಬರೋರು ಯಾರು? ನಾವು. ಅದಕ್ಕೆ ದುಡ್ಡು ಬೇಡ್ವಾ?"

"ಆ ಊರಿಗೆ ಕೊಡ್ಲಿ, ಬೇಡ ಅಂದೋರ್ಯಾರು? ಆ ದುಡ್ಡು ಇಟ್ಕೊಂಡು ನಮ್ಮ ಪಕ್ಕದ ಕೌಂಟರಲ್ಲಿ ನಿಂತು ಅರ್ಧ ಬೆಲೆಗೆ ಮಾರೋದು ಯಾಕೆ? ಒಬ್ಬನ ಕಾಲು ಕಟ್ಟಿ ಓಟದ ಪಂದ್ಯ ಇಟ್ಟಂಗಾಯ್ತು."

"ಒಂದು ದಾರದ ಉಂಡೆ ತಗೊಂಡ್ರೂ ನಾನು ತೆರಿಗೆ ಕಟ್ತೀನಿ," ಅಂದಳು ಅಮ್ಮ, ಇಬ್ಬರಿಗೂ ಅನ್ನ ಬಡಿಸುತ್ತ. "ಅಂದ್ರೆ ದೊಡ್ಡದನ್ನ ಹಾರಿಸ್ತಿರೋಳು ನಾನು. ಇಬ್ರೂ ಬಾಯಿ ಮುಚ್ಕೊಂಡು ತಿನ್ನಿ."

ಅಜ್ಜಿ ನಕ್ಕಳು. ಅವತ್ತಿಗೆ ಜಗಳ ಅಲ್ಲಿಗೇ ನಿಂತಿತು.

ಸಹಾಯಧನಕ್ಕೆ ಒಂದು ಷರತ್ತಿತ್ತು. ಅದು ಅಪ್ಪನಿಗೆ ಗೊತ್ತಾದದ್ದು ಗುರುವಾರ. ಮೂರು ತಿಂಗಳ ಕಾಲ ಎಂಟು ಗಂಟೆ ವಿಮಾನದಲ್ಲಿ ನೂರಕ್ಕೆ ಎಂಬತ್ತು ಸೀಟು ತುಂಬಿರಬೇಕು. ತುಂಬದಿದ್ದರೆ ಎರಡನೇ ಕಂತು ಇಲ್ಲ, ಈ ಊರಿನ ರಿಪೇರಿ ಶೆಡ್ಡೂ ಇಲ್ಲ. ಶೆಡ್ಡು ಮುಚ್ಚಿದರೆ ಎಲ್ಲರಿಗೂ ಅರ್ಧ ಪಿಂಚಣಿ, ಮತ್ತು ತೊಂಬತ್ತು ದಿನದೊಳಗೆ ಕ್ವಾರ್ಟರ್ಸು ಖಾಲಿ. ಬೆಲೆ ಇಳಿಸಿದ ಮೇಲೆ ಜನ ಬಂದಿದ್ದರು, ಆದರೆ ಸಾಕಷ್ಟು ಬಂದಿರಲಿಲ್ಲ. ತಡ ಮಾಡುವುದರಲ್ಲಿ ದೊಡ್ಡದು ಎತ್ತಿದ ಕೈ, ಎಷ್ಟೋ ಜನಕ್ಕೆ ಅದರ ಸಹವಾಸವೇ ಬೇಡವಾಗಿತ್ತು. ದಿನಕ್ಕೆ ಮೂವತ್ತು ಸೀಟು ಕಡಿಮೆ ಬೀಳುತ್ತಿದ್ದವು. ಮೇಲ್ವಿಚಾರಕ ಎಲ್ಲರನ್ನೂ ಕರೆದು ನಿಲ್ಲಿಸಿ, ನೌಕರರ ಮನೆಯವರಿಗೆ ಈ ಮೂರು ತಿಂಗಳು ಎಷ್ಟು ಸಲ ಬೇಕಾದರೂ ಉಚಿತ ಪ್ರಯಾಣ ಎಂದು ಸುತ್ತೋಲೆ ಓದಿದ. ಸುತ್ತೋಲೆ ಮಡಿಚಿ ಜೇಬಿಗಿಟ್ಟ ಮೇಲೆ ಉಳಿದದ್ದನ್ನು ಬಾಯಲ್ಲಿ ಹೇಳಿದ.

"ಒಂದೊಂದು ಮನೆಯಿಂದ ಇಬ್ಬರು. ವಾರಕ್ಕೆ ಮೂರು ಸಲ," ಎಂದು ಅಪ್ಪ ಮನೆಯಲ್ಲಿ ವರದಿ ಒಪ್ಪಿಸಿದ.

"ಅಲ್ಲಿಗೆ ಹೋಗಿ ಏನ್ ಮಾಡ್ಬೇಕು?" ಅಮ್ಮ ಕೇಳಿದಳು.

"ಏನೂ ಇಲ್ಲ. ಅದೇ ವಿಮಾನದಲ್ಲಿ ವಾಪಸ್ ಬರೋದು. ಹನ್ನೊಂದಕ್ಕೆಲ್ಲ ಮನೇಲಿರ್ತೀರಿ."

"ಮತ್ತೆ ಹೋಗೋದ್ಯಾಕೆ?"

"ಕೂರೋಕೆ."

ಅಮ್ಮ ಟೇಪನ್ನು ಕುತ್ತಿಗೆಯಿಂದ ತೆಗೆದು ಮೇಜಿನ ಮೇಲೆ ಹಾಕಿದಳು. "ಕೂರೋಕೆ ನಮ್ಮನೇಲಿ ಕುರ್ಚಿ ಇಲ್ವಾ? ನನ್ನ ಹತ್ರ ಹನ್ನೆರಡು ಸಮವಸ್ತ್ರ ಬಾಕಿ ಇದೆ."

"ನಾನು ಹೋಗ್ತೀನಿ," ಅಂದಳು ಅಜ್ಜಿ. "ಎಂಬತ್ತು ವರ್ಷದಿಂದ ನೆಲದ ಮೇಲೇ ಇದೀನಿ. ಜೊತೆಗೆ ಇವಳೂ ಬರ್ಲಿ, ನಂಗೆ ಆ ಬೆಲ್ಟು ಹಾಕೋಕೆ ಬರಲ್ಲ."

ಹಾಗೆ ಶುರುವಾಯಿತು. ಅಕ್ಷರ ದುಂಡಗಿದೆಯೆಂದು ಮೇಲ್ವಿಚಾರಕ ಅಪ್ಪನನ್ನೇ ಆ ಬ್ಲಾಕಿನ ಸರದಿ ಬರೆಯುವವನನ್ನಾಗಿ ಮಾಡಿದ. ಯಾರ ಮನೆಯಿಂದ ಯಾರು, ಯಾವ ದಿನ. ಅಜ್ಜಿಗೆ ಸೋಮವಾರ, ಮಂಗಳವಾರ, ಗುರುವಾರ. ಎರಡೇ ವಾರದಲ್ಲಿ ಕ್ವಾರ್ಟರ್ಸಿನ ಹೆಂಗಸರಿಗೆ ಆ ವಿಮಾನ ಒಂದು ಕ್ಲಬ್ಬಾಗಿಬಿಟ್ಟಿತು. ಸ್ವೆಟರ್ ಹೆಣೆಯುವವರು ಬಲಗಡೆ, ಸೊಸೆಯಂದಿರ ಮೇಲೆ ದೂರು ಇರುವವರು ಎಡಗಡೆ. ಕಿಟಕಿ ಸೀಟಿಗಾಗಿ ಪಕ್ಕದ ಮನೆಯ ಪೇಂಟರ್ ಹೆಂಡತಿಗೂ ಅಜ್ಜಿಗೂ ಮಾತು ಬಿಟ್ಟುಹೋಯಿತು. ಅಮ್ಮ ಗುಂಡಿ ಹಾಕುವ ಅಂಗಿಗಳನ್ನು ಜೊತೆಗೆ ಒಯ್ಯುತ್ತಿದ್ದಳು. ತಪಾಸಣೆಯಲ್ಲಿ ಅವಳ ಕತ್ತರಿಯನ್ನು ಎರಡು ಸಲ ಕಿತ್ತುಕೊಂಡ ಮೇಲೆ ದಾರವನ್ನು ಹಲ್ಲಿನಲ್ಲೇ ಕಡಿಯತೊಡಗಿದಳು. ಅಷ್ಟು ಸಲ ಹೋಗಿಬಂದರೂ ಅತ್ತೆ ಸೊಸೆ ಇಬ್ಬರೂ ಆ ಊರನ್ನು ನೋಡಿರಲಿಲ್ಲ. ನೋಡಿದ್ದು ಅಲ್ಲಿನ ವಿಮಾನ ನಿಲ್ದಾಣದ ಗಾಜು ಮತ್ತು ಒಂದು ಚಹಾದ ಯಂತ್ರ.

ಇದನ್ನು ಅಪ್ಪ ಮಗಳಿಗೆ ಹೇಳಿರಲಿಲ್ಲ. ಅವಳು ಆರಕ್ಕೇ ಮನೆ ಬಿಡುತ್ತಿದ್ದಳು. ಯಾರೂ ಬಾಯಿ ಬಿಡಬೇಡಿ ಎಂದು ಅವನೇನೂ ಹೇಳಲಿಲ್ಲ, ಆದರೆ ಅವಳೆದುರಿಗೆ ಆ ವಿಷಯ ಬಾರದ ಹಾಗೆ ಎಲ್ಲರೂ ನೋಡಿಕೊಂಡರು. ಅಜ್ಜಿಯಂಥ ಅಜ್ಜಿಯೇ ಸುಮ್ಮನಿದ್ದಳು ಅಂದಮೇಲೆ ಲೆಕ್ಕ ಹಾಕಿ.

ಮಗಳಿಗೆ ಗೊತ್ತಾದದ್ದು ಹೀಗೆ. ಚಿಕ್ಕ ಕಂಪನಿಗಳಲ್ಲಿ ಒಂದು ಕೆಲಸವಿರುತ್ತದೆ, ಅದಕ್ಕೆ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಎದುರಾಳಿಯ ವಿಮಾನಕ್ಕೆ ಜನ ನಡೆದುಹೋಗುವಾಗ ಗಾಜಿನ ಹಿಂದೆ ನಿಂತು ತಲೆ ಎಣಿಸುವುದು. ಅಂಗೈಯಲ್ಲಿ ಅಡಗುವ ಒಂದು ಎಣಿಕೆ ಯಂತ್ರ, ಒಂದು ತಲೆಗೆ ಒಂದು ಒತ್ತು. ಮೂರನೇ ವಾರದ ಮಂಗಳವಾರ ಎಣಿಸಬೇಕಾದವನು ರಜೆ ಹಾಕಿದ್ದರಿಂದ ಮಗಳು ನಿಂತಳು. ಅರವತ್ತನಾಲ್ಕು, ಅರವತ್ತೈದು. ಆಮೇಲೆ ಬಂದವಳು ಎರಡನೇ ಬ್ಲಾಕಿನ ನರ್ಸಮ್ಮ. ಅವಳ ಹಿಂದೆ ಪೇಂಟರ್ ಹೆಂಡತಿ. ಅವಳ ಹಿಂದೆ ತನಗೆ ಸೈಕಲ್ ಕಲಿಸಿದ ವೆಲ್ಡರ್ ಮಾವ, ಬಗಲಲ್ಲಿ ದಿನಪತ್ರಿಕೆ. ಆಮೇಲೆ ಅಂಗಿಗಳ ಚೀಲ ಹಿಡಿದ ಅಮ್ಮ, ಅವಳ ತೋಳು ಹಿಡಿದುಕೊಂಡು ಅಜ್ಜಿ. ಗಾಜಿನ ಹಿಂದೆ ಮೊಮ್ಮಗಳನ್ನು ಕಂಡ ಅಜ್ಜಿ ನಿಂತು, ಎಲ್ಲರಿಗೂ ಕಾಣುವಂತೆ ಕೈ ಬೀಸಿದಳು. ಮಗಳ ಹೆಬ್ಬೆರಳು ಯಂತ್ರದ ಮೇಲೆಯೇ ನಿಂತುಬಿಟ್ಟಿತು.

ಅವತ್ತು ಎಂಟೂ ನಲವತ್ತಕ್ಕೆ ಚಿಕ್ಕದು ಹಾರಿದ್ದು ಹತ್ತೊಂಬತ್ತು ಜನರನ್ನು ಹತ್ತಿಸಿಕೊಂಡು. ಇದ್ದದ್ದು ಎಪ್ಪತ್ತು ಸೀಟು.

ಮಧ್ಯಾಹ್ನ ಮ್ಯಾನೇಜರ್ ಅವಳನ್ನು ಒಳಗೆ ಕರೆದಳು. ಚಿಕ್ಕದರ ಮ್ಯಾನೇಜರ್ ಸಿಡುಕಿಯಲ್ಲ, ಆದರೆ ಆ ವಾರ ಅವಳ ಮುಖದಲ್ಲಿ ಕಳೆ ಇರಲಿಲ್ಲ.

"ಈ ತಿಂಗಳ ಕೊನೆಗೆ ಈ ಮಾರ್ಗ ಬಿಡ್ತಾರಂತೆ. ಅಂದ್ರೆ ಈ ಊರಿನ ಆಫೀಸೇ ಇರಲ್ಲ. ನಾವು ನಲವತ್ತು ಜನ," ಅಂದಳು. "ಸ್ಪರ್ಧಾ ಮಂಡಳಿಗೆ ದೂರು ಕೊಟ್ಟಿದೀವಿ. ಸರ್ಕಾರದ ದುಡ್ಡಲ್ಲಿ ಬೆಲೆ ಇಳಿಸಿ ನಮ್ಮನ್ನ ಓಡಿಸ್ತಿದಾರೆ ಅಂತ. ಅವರೇನು ಹೇಳ್ತಿದಾರೆ ಗೊತ್ತಾ? ನಮ್ಮ ವಿಮಾನ ತುಂಬಿ ಹೋಗ್ತಿದೆ, ಜನಕ್ಕೆ ನಾವೇ ಬೇಕು ಅಂತಾರೆ. ಗುರುವಾರ ಮಂಡಳಿಯ ಅಧಿಕಾರಿ ಬರ್ತಾನೆ. ಆ ಜನ ಅವರ ನೌಕರರ ಮನೆಯೋರೇ ಅಂತ ತೋರಿಸ್ಬೇಕು."

"ಅದನ್ನ ನಂಗ್ಯಾಕೆ ಹೇಳ್ತಿದೀರಿ ಮೇಡಂ?"

"ನೀನು ಆ ಕ್ವಾರ್ಟರ್ಸಲ್ಲೇ ಹುಟ್ಟಿ ಬೆಳೆದೋಳು. ನಮಗೆ ಅವರೆಲ್ಲ ಬರೀ ತಲೆಗಳು. ನಿನಗೆ ಮುಖ ಗೊತ್ತು. ಅವರು ಹತ್ತೋ ಬಾಗಿಲ ಎದುರಿಗಿರೋ ನಮ್ಮ ಕ್ಯಾಮೆರಾದ ಎರಡು ವಾರದ ಚಿತ್ರ ಇದೆ. ಯಾರು, ಯಾರ ಮನೆಯೋರು, ಎಷ್ಟು ಸಲ, ಬರೆದು ಕೊಡು. ಬಲವಂತ ಇಲ್ಲ." ಸ್ವಲ್ಪ ತಡೆದು, "ಆದ್ರೆ ಬೇರೆ ದಾರೀನೂ ಇಲ್ಲ," ಎಂದು ಸೇರಿಸಿದಳು.

ಸಂಜೆ ಮಗಳು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಜ್ಜೀ, ಇನ್ಮೇಲೆ ನಂಗೆ ಕೈ ಬೀಸ್ಬೇಡ."

"ಯಾಕಮ್ಮ? ನೋಡಿದೆ, ಬೀಸಿದೆ."

"ನೀವು ಕೂತಿರೋ ಒಂದೊಂದು ಸೀಟೂ ನನ್ನ ಕೆಲಸದ ಮೇಲೆ ಕೂತಂಗೆ. ಅದು ಗೊತ್ತಾ ನಿಮಗೆ?" ಈಗ ಮಾತು ಅಜ್ಜಿಗಾಗಿರಲಿಲ್ಲ, ಹಿಂದಿನಿಂದ ಟವಲು ಹಿಡಿದು ಬಂದ ಅಪ್ಪನಿಗೆ. "ತಿಂಗಳ ಕೊನೆಗೆ ನಮ್ಮ ಆಫೀಸು ಮುಚ್ತಾರೆ."

ಅಮ್ಮನ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು. "ಮುಚ್ತಾರಾ? ಇದನ್ನ ಯಾರೂ ಹೇಳ್ಲೇ ಇಲ್ಲ ನಂಗೆ," ಎಂದು ಗಂಡನ ಕಡೆ ತಿರುಗಿದಳು. "ಕೂತು ಬರೋದು ಅಷ್ಟೇ ಅಂದ್ರಿ."

"ನಂಗೂ ಗೊತ್ತಿರ್ಲಿಲ್ಲ."

"ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತಾಗತ್ತೆ ಅಪ್ಪಾ. ನೀವು ಸೀಟು ತುಂಬಿಸಿದ್ರೆ ಸರ್ಕಾರದ ದುಡ್ಡು ಬರತ್ತೆ, ಆ ದುಡ್ಡಲ್ಲಿ ಬೆಲೆ ಇಳಿಸ್ತಾರೆ, ನಮ್ಮ ಕಡೆ ಖಾಲಿ."

"ಮತ್ತೆ ಶೆಡ್ಡು ಮುಚ್ಚಿದ್ರೆ?" ಅಪ್ಪನ ದನಿ ಏರಿತು. "ಇನ್ನೂರು ಜನ ಇದೀವಿ. ನೀನು ಇಪ್ಪತ್ತಾರು ವರ್ಷದೋಳು, ಇವತ್ತು ಹೋದ್ರೆ ನಾಳೆ ಇನ್ನೊಂದು ಕಡೆ ಸಿಗತ್ತೆ. ಐವತ್ತೇಳಕ್ಕೆ ನನ್ನನ್ಯಾರು ಮೂಸಿ ನೋಡ್ತಾರೆ? ಈ ಸೂರು ಬಿಟ್ಟು ಅಜ್ಜೀನ ಎಲ್ಲಿ ಮಲಗಿಸ್ತೀಯ?"

"ಅದಕ್ಕೆ ಮೋಸ ಮಾಡ್ಬೇಕಾ?"

"ಯಾರ ಜೇಬಿಗೆ ಕೈ ಹಾಕಿದೀನಿ ನಾನು?"

"ನನ್ನ ಜೇಬಿಗೆ," ಅಂದಳು ಮಗಳು.

ಅಪ್ಪ ಟವಲನ್ನು ಕುರ್ಚಿಗೆ ಎಸೆದು ಹೊರಗೆ ಹೋದ. ಊಟಕ್ಕೆ ಅವನು ಬಂದದ್ದು ಎಲ್ಲರದ್ದೂ ಮುಗಿದ ಮೇಲೆ. ಅಮ್ಮ ಎರಡು ಸಲ ಬಿಸಿ ಮಾಡಿ, ಎರಡು ಸಲ ಬಡಿಸಿ, ಗ್ಯಾಸು ಯಾರಪ್ಪನ ಮನೆಯದು ಎಂದು ಗೋಡೆಯನ್ನು ಕೇಳಿದಳು. ತಾನು ಇನ್ನು ಆ ವಿಮಾನ ಹತ್ತುವುದಿಲ್ಲ ಎಂದೂ ಗೋಡೆಗೇ ಹೇಳಿದಳು. ಅಜ್ಜಿ ಮಾತ್ರ, ಬೆಲ್ಟು ಹಾಕುವುದನ್ನು ಈಗ ಕಲಿತಿದ್ದೇನೆ, ಒಬ್ಬಳೇ ಹೋಗುತ್ತೇನೆ ಅಂದಳು. ಅವಳಿಗೆ ಈ ಜಗಳ ಅರ್ಥವಾಗಿರಲಿಲ್ಲ. ಮಗ ಹೋಗು ಅಂದಿದ್ದ, ಅವಳು ಹೋಗುತ್ತಿದ್ದಳು. ಅವಳಿಗೆ ಅದು ಕೆಲಸ, ಎಷ್ಟೋ ವರ್ಷದ ಮೇಲೆ ಸಿಕ್ಕ ಕೆಲಸ.

ಮಗಳಿಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಬುಧವಾರ ಬೇಗ ಬಂದು ಮನೆಯೆಲ್ಲ ಗುಡಿಸಿದಳು, ಗುಡಿಸಿದ್ದನ್ನೇ ಇನ್ನೊಂದು ಸಲ ಗುಡಿಸಿದಳು. ಬಟ್ಟೆ ಒಣಹಾಕಲು ಹೋದಾಗ ಪೇಂಟರ್ ಹೆಂಡತಿ ಪಕ್ಕದ ತಂತಿಯಿಂದ ಬಗ್ಗಿ, "ಏನೇ, ಮುಖ ಹಿಂಗೆ ಗಂಟು ಹಾಕ್ಕೊಂಡಿದೀಯ? ಊಟ ಮಾಡ್ತಿಲ್ವಾ?" ಎಂದು ಕೇಳಿದಳು. ಮಗಳು ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಅಮ್ಮ ಜ್ವರದಲ್ಲಿ ಮಲಗಿದ್ದಾಗ ಒಂದು ವಾರ ತನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಇವಳೇ. ಒಳಗೆ ಬಂದು ಮೇಜಿನ ಮುಂದೆ ಕೂತು, ಫೋನಿನಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬರೆದಳು. ಪೇಂಟರ್ ಹೆಂಡತಿ, ಐದು ಸಲ. ನರ್ಸಮ್ಮ, ನಾಲ್ಕು ಸಲ. ವೆಲ್ಡರ್ ಮಾವ, ಆರು ಸಲ. ಇಪ್ಪತ್ತೇಳು ಜನ, ಒಂದೂವರೆ ಹಾಳೆ ತುಂಬಿತು.

ಸಂಜೆ ಅಪ್ಪ ಕೈ ತೊಳೆದು ಬಂದಾಗ ಅವಳು ಹಾಳೆಯನ್ನು ಅವನ ಮುಂದಿಟ್ಟಳು.

"ನಾಳೆ ಇದನ್ನ ಕೊಡ್ತೀನಿ. ನಿಮ್ಮ ಬೆನ್ನ ಹಿಂದೆ ಕೊಡೋಕೆ ಮನಸ್ಸು ಬರ್ಲಿಲ್ಲ. ಹರಿದು ಹಾಕೋದಾದ್ರೆ ಹಾಕಿ, ನಾನು ಮತ್ತೆ ಬರೀತೀನಿ."

ಅಪ್ಪ ಕನ್ನಡಕ ಹಾಕಿಕೊಂಡ. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದಳು. ಅಜ್ಜಿ ಹಿತ್ತಲಲ್ಲಿ ಬಟಾಣಿ ಬಿಡಿಸುತ್ತಿದ್ದಳು. ಅಪ್ಪ ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದ, ತಿರುಗಿಸಿ ಹಿಂಬದಿ ನೋಡಿದ, ಮತ್ತೆ ಮೊದಲಿಂದ ಓದಿದ. ಅಪ್ಪ ಕಿರುಚಿದ್ದರೆ ವಾಸಿಯಿತ್ತು ಅನ್ನಿಸಿತು ಮಗಳಿಗೆ.

"ತಪ್ಪಿದೆ," ಅಂದ.

"ಏನ್ ತಪ್ಪು?"

"ಪೇಂಟರ್ ಹೆಂಡತಿ ಹೋದ ವಾರದ ಮಂಗಳವಾರ ಹೋಗಿಲ್ಲ. ಅವತ್ತು ಅವಳಿಗೆ ಹಲ್ಲು ಕೀಳಿಸಿದ್ರು. ಹೋಗಿದ್ದು ಅವಳ ತಂಗಿ. ನೋಡೋಕೆ ಒಂದೇ ಥರ." ಕೈ ಚಾಚಿದ. "ಪೆನ್ನು ಕೊಡು."

ಮಗಳು ಕೊಟ್ಟಳು. ಅವನು ಆ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದ. ಶೆಡ್ಡಿನ ಪುಸ್ತಕದಲ್ಲಿ ತಪ್ಪನ್ನು ಅಳಿಸುವಂತಿಲ್ಲ, ಹೊಡೆದು ಬರೆಯಬೇಕು. ಆಮೇಲೆ ಪಟ್ಟಿಯ ಕೊನೆಗೆ ಬಂದ.

"ನಮ್ಮನೆಯೋರು ಎಲ್ಲಿ?"

ಮಗಳು ಹಾಳೆಯ ಅಂಚನ್ನು ಬೆರಳಿನಿಂದ ಮಡಿಸಿದಳು.

"ನಿಮ್ಮಮ್ಮ ಆರು ಸಲ ಹೋಗಿದಾಳೆ. ನಮ್ಮಮ್ಮ ಎಂಟು ಸಲ. ಎಲ್ಲಿ?"

"ಅವರನ್ನ... ಅಪ್ಪಾ, ಅವರನ್ನ ಹೆಂಗೆ ಬರೀಲಿ?"

"ಪೇಂಟರ್ ಹೆಂಡತೀನ ಬರೆದಂಗೆ." ಅವನು ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡ. "ನೆರೆಮನೆಯೋರನ್ನೆಲ್ಲ ಹಿಡ್ಕೊಟ್ಟು ನಮ್ಮೋರನ್ನ ಅಡಗಿಸಿ ಇಡ್ತೀಯಾ? ನಾಳೆ ಯಾರಾದ್ರೂ ಒಬ್ಬ ಎದ್ದು ನಿಂತು, ಇವಳ ಅಜ್ಜೀನೇ ಇದ್ಲಲ್ಲ ಅಂದ್ರೆ? ಇಡೀ ಪಟ್ಟಿ ಸುಳ್ಳಾಗತ್ತೆ. ನಿನ್ನ ಕೆಲಸಾನೂ ಹೋಗತ್ತೆ, ಮಾನಾನೂ ಹೋಗತ್ತೆ. ಈ ತಂತಿ ಮೇಲೆ ಬಟ್ಟೆ ಒಣಹಾಕೋಕೆ ನಿಮ್ಮಮ್ಮನಿಗೆ ಮುಖ ಇರಲ್ಲ."

"ಬರೆದ್ರೆ ನಿಮಗೆ ತೊಂದರೆ ಆಗತ್ತಲ್ಲ ಅಪ್ಪಾ."

"ಆಗತ್ತೆ."

"ರೀ," ಎಂದು ಅಮ್ಮ ಒಂದು ಹೆಜ್ಜೆ ಮುಂದೆ ಬಂದಳು. "ಒಂದ್ನಿಮಿಷ ಯೋಚ್ನೆ ಮಾಡ್ರಿ. ಪಿಂಚಣಿ."

"ಮೂರು ವಾರದಿಂದ ಅದನ್ನೇ ಯೋಚ್ನೆ ಮಾಡ್ತಿದೀನಿ." ಅವನಿಗೆ ಹೆದರಿಕೆಯಾಗಿತ್ತು. ಮುಚ್ಚಿಡಲೂ ಆಗಲಿಲ್ಲ, ಪೆನ್ನಿನ ತುದಿ ಹಾಳೆಯ ಮೇಲೆ ಚುಕ್ಕಿ ಚುಕ್ಕಿ ಹಾಕುತ್ತಿತ್ತು. "ನಾನು ಸರಿ ಇಲ್ಲ ಅಂತ ಬರೆದ್ರೆ ವಿಮಾನ ಹಾರಲ್ಲ, ಸರಿ ಇದೆ ಅಂತ ಬರೆದ್ರೆ ಹಾರತ್ತೆ. ಮೂವತ್ತೊಂದು ವರ್ಷ ಸುಳ್ಳು ಬರೆದೋನಲ್ಲ. ಈ ಮೂರು ವಾರ ಸರದಿ ಪಟ್ಟಿ ಬರೆದೆ, ಇವರೆಲ್ಲ ಪ್ರಯಾಣಿಕರು ಅಂತ. ದಿನಾ ಊಟ ಸೇರಿಲ್ಲ."

ಹಾಳೆಯ ಮೇಲ್ತುದಿಯಲ್ಲಿ ಜಾಗ ಮಾಡಿಕೊಂಡು, ದುಂಡಗಿನ ಅಕ್ಷರದಲ್ಲಿ ತನ್ನ ತಾಯಿಯ ಹೆಸರು ಬರೆದ. ಎಂಟು ಸಲ, ದಿನಾಂಕ ಸಮೇತ. ಅದರ ಕೆಳಗೆ ಹೆಂಡತಿಯ ಹೆಸರು. ಮಗಳಿಗೆ ಗೊತ್ತಿರದ ಇನ್ನೂ ನಾಲ್ವರನ್ನು ಸೇರಿಸಿದ. ಕೊನೆಯಲ್ಲಿ, ಈ ಬ್ಲಾಕಿನಿಂದ ಇವರನ್ನೆಲ್ಲ ಕಳಿಸಿದವನು ಎಂದು ಬರೆದು ತನ್ನ ಹೆಸರು ಹಾಕಿ, ನೌಕರಿಯ ಸಂಖ್ಯೆ ಹಾಕಿ, ಸಹಿ ಮಾಡಿದ.

ಮಗಳು ಅತ್ತಳು. ಸಮಾಧಾನ ಮಾಡುವುದು ಅಪ್ಪನಿಗೆ ಬರುತ್ತಿರಲಿಲ್ಲ. "ಮೂಗು ಒರೆಸ್ಕೊ, ಹಾಳೆ ಒದ್ದೆಯಾಗತ್ತೆ," ಅಂದ. ಅವತ್ತು ನಾಲ್ವರೂ ಒಟ್ಟಿಗೆ ಕೂತು ಉಂಡರು. ಯಾರಿಗೂ ಏನೂ ರುಚಿಸಲಿಲ್ಲ. ಬಟಾಣಿಗೆ ಉಪ್ಪು ಸಾಲದು ಎಂದು ಅಜ್ಜಿ ಒಬ್ಬಳೇ ಹೇಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಮಗಳು ಹಾಳೆಯನ್ನು ಕೈಚೀಲದೊಳಗೆ ಇಟ್ಟುಕೊಂಡು, ಜಿಪ್ಪು ಹಾಕಿ, ಹಾಕಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಹೊರಟಳು. ಅಮ್ಮ ಅವಳ ಕೈಗೆ ಬ್ರೆಡ್ಡಿನ ಪೊಟ್ಟಣ ಕೊಟ್ಟಳು. ಅಪ್ಪ ಬಾಗಿಲಲ್ಲಿ ಕೂತು ಬೂಟಿನ ಲೇಸು ಕಟ್ಟುತ್ತಿದ್ದ. ಒಂದು ಸಲ ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದ.

ಒಳಗಿನಿಂದ ಅಜ್ಜಿ ಬಂದಳು. ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಕೈಯಲ್ಲಿ ಗುರುತಿನ ಚೀಟಿ ಹಿಡಿದು ಸಿದ್ಧವಾಗಿದ್ದಳು.

"ನಡಿ," ಅಂದಳು ಮಗನಿಗೆ. "ಇವತ್ತು ಗುರುವಾರ, ನನ್ನ ಸರದಿ. ಆ ಪೇಂಟರ್ ಹೆಂಡತಿ ಬರೋಕೆ ಮುಂಚೆ ಕಿಟಕಿ ಹಿಡೀಬೇಕು."

"ಇವತ್ತು ಬೇಡ ಅಮ್ಮ."

"ಯಾಕೆ?" ಅಜ್ಜಿಯ ಮುಖ ಬಾಡಿತು. "ನಂಗೇನೂ ಸುಸ್ತಾಗಲ್ಲ. ಸೀಟೆಲ್ಲ ತುಂಬಿಹೋಯ್ತಾ?"

ಗೇಟಿನ ಹತ್ತಿರ ಹೋಗಿದ್ದ ಮಗಳು ನಿಂತು ತಿರುಗಿ ನೋಡಿದಳು. ಅಪ್ಪ ಎದ್ದು ಅಜ್ಜಿಯ ಕೈಯಿಂದ ಗುರುತಿನ ಚೀಟಿ ತೆಗೆದುಕೊಂಡ.

"ಇಲ್ಲಮ್ಮ," ಅಂದ. "ಖಾಲಿ ಇವೆ. ಖಾಲೀನೇ ಹೋಗ್ಲಿ."